ಎರಡು ಕೋಣೆಯ ಶಾಲೆಯನ್ನು ನೆಲಸಮ ಮಾಡಿಸಿದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ಅಳಿವೆಗೆ ಹೊಂದಿಕೊಂಡಿರುವ ನಮ್ಮ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಹಳೆಯ ಕಟ್ಟಡವನ್ನು ಕೆಡವಲು ಆದೇಶ ಮಾಡಿದ ಅಧಿಕಾರಿಗಳಿಗೂ, ಅದಕ್ಕೆ ಒಪ್ಪಿಗೆಯ ಸಹಿ ಹಾಕಿದ ಸಮಿತಿಯ ಸದಸ್ಯರಿಗೂ, ಆ ಕಟ್ಟಡಕ್ಕೆ ಕಲ್ಲು ಹೊತ್ತವರಲ್ಲಿ ಈಗ ಉಳಿದಿರುವ ನನ್ನ ಓರಗೆಯವರಿಗೂ ಈ ಪತ್ರವನ್ನು ಬರೆಯುತ್ತಿದ್ದೇನೆ. ಊರಿನ ಹೆಸರನ್ನೂ ಕಚೇರಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಸಂಬಂಧಪಟ್ಟವರಿಗೆ ಅದು ತಿಳಿಯುತ್ತದೆ. ಉಳಿದವರಿಗೆ ತಮ್ಮ ಊರಿನದೇ ಒಂದು ಶಾಲೆ ನೆನಪಾದರೆ ಅದರಲ್ಲಿ ತಪ್ಪೇನೂ ಇಲ್ಲ.

ಈ ವರ್ಷದ ಬಂಡಿಹಬ್ಬಕ್ಕೆ ಊರಿಗೆ ಬಂದಾಗ ನನ್ನ ಚೀಲದಲ್ಲಿ ನೂರು ಅಡಿಯ ಟೇಪು, ಒಂದು ನೋಟುಬುಕ್ಕು ಮತ್ತು ಹಂಚಿನ ಮಾಡಿನ (ಚಾವಣಿಯ) ರಿಪೇರಿಗೆ ನಾನೇ ಬರೆದುಕೊಂಡಿದ್ದ ಅಂದಾಜುಪಟ್ಟಿ ಇದ್ದವು. ಶಾಲೆಯ ಮಾಡು ಸೋರುತ್ತಿದೆ, ಹಂಚು ಹೊರುವ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಿದೆ ಎಂದು ಎರಡು ವರ್ಷದ ಹಿಂದೆಯೇ ತಿಳಿದಿತ್ತು. ಆಗ ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸೇರಿ, ಮರಮಟ್ಟಿನ ಮತ್ತು ಹಂಚಿನ ಖರ್ಚನ್ನು ನಾವೇ ಭರಿಸುತ್ತೇವೆ, ಕೆಲಸ ಮಾಡಿಸಲು ಅನುಮತಿ ಕೊಡಿ ಎಂದು ತಮ್ಮ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿದ್ದೆವು. ಪತ್ರ ತಲುಪಿದ್ದಕ್ಕೆ ಸೀಲು ಬಿದ್ದ ಸ್ವೀಕೃತಿ ಚೀಟಿ ವಾಪಸು ಬಂತು, ಉತ್ತರ ಬರಲಿಲ್ಲ. ಸರ್ಕಾರಿ ಕಚೇರಿಯ ಮೌನವನ್ನು ಅನುಮತಿ ಎಂದು ತಿಳಿಯುವಷ್ಟು ದಡ್ಡ ನಾನಲ್ಲ, ಆದರೆ ಅದು ನಿರಾಕರಣೆಯೂ ಅಲ್ಲವೆಂದುಕೊಂಡು ಮೊದಲು ಅಳತೆ ತೆಗೆದುಕೊಂಡು ಬಳಿಕ ಖುದ್ದಾಗಿ ಬಂದು ಕಾಣೋಣ ಎಂದು ಹೊರಟಿದ್ದೆ. ಹಬ್ಬದ ಮಾರನೆಯ ದಿನ ಬೆಳಿಗ್ಗೆ ಗದ್ದೆಯ ಹಾಳಿಯ ಮೇಲೆ ನಡೆದು ಶಾಲೆಯ ಕಡೆಗೆ ತಿರುಗಿದಾಗ, ತೆಂಗಿನ ಮರಗಳ ನಡುವೆ ಯಾವಾಗಲೂ ಕಾಣುತ್ತಿದ್ದ ಮಾಡು ಕಾಣಲಿಲ್ಲ. ದಾರಿ ತಪ್ಪಿತೇ ಎಂದು ಒಂದು ಗಳಿಗೆ ನಿಂತೆ. ಐವತ್ತು ವರ್ಷ ನಡೆದ ಹಾಳಿಯ ಮೇಲೆ ಹೀಗೆ ಅನಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಮೂರು ವಾರದ ಹಿಂದೆ ಜೆಸಿಬಿ ಬಂದಿತ್ತು, ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಮುಗಿದಿತ್ತು ಎಂದು ಪಕ್ಕದ ಮನೆಯವರು ಹೇಳಿದರು. ಕಲ್ಲುಗಳು ಟಿಪ್ಪರಿನಲ್ಲಿ ಹೋಗಿವೆ. ಎಲ್ಲಿಗೆ ಎಂದು ಕೇಳಿದರೆ ಒಬ್ಬರು ಒಂದು ದಿಕ್ಕು ತೋರಿಸುತ್ತಾರೆ, ಇನ್ನೊಬ್ಬರು ಇನ್ನೊಂದು.

ಆ ಕಟ್ಟಡ ಹೇಗೆ ಎದ್ದಿತು ಎಂಬುದು ತಮ್ಮ ಕಡತದಲ್ಲಿ ಇರಲಾರದು. ಇದ್ದರೂ ಒಂದು ಸಾಲಿನಲ್ಲಿ ಇರಬಹುದು. ಆದ್ದರಿಂದ ಅದನ್ನು ಇಲ್ಲಿ ಬರೆಯಬೇಕಾಗಿದೆ. ಪ್ರತಿಯೊಂದು ಪ್ರಾಥಮಿಕ ಶಾಲೆಗೂ ಮಳೆಗಾಲ ಬೇಸಿಗೆಯೆನ್ನದೆ ಬಳಸಬಹುದಾದ ಎರಡು ಕೋಣೆಗಳು, ಇಬ್ಬರು ಶಿಕ್ಷಕರು, ಒಂದಿಷ್ಟು ಪಾಠೋಪಕರಣಗಳು ಇರಲೇಬೇಕೆಂದು ಕೇಂದ್ರ ಸರ್ಕಾರ 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯನ್ನು ಆರಂಭಿಸಿತು. ಅಲ್ಲಿಯವರೆಗೆ ನಮ್ಮ ಶಾಲೆ ನಡೆಯುತ್ತಿದ್ದುದು ದೇವಸ್ಥಾನದ ಚಂದ್ರಶಾಲೆಯೆಂಬ ತೆರೆದ ಪಡಸಾಲೆಯಲ್ಲಿ. ಹಬ್ಬವಿದ್ದ ದಿನ ಶಾಲೆಯಿಲ್ಲ, ಶಾಲೆಯಿದ್ದ ದಿನ ನಾಯಿಗಳನ್ನು ಓಡಿಸುವುದೇ ಮೊದಲ ಪಾಠ. ನಮ್ಮ ಊರಿನ ಪಾಲಿಗೆ ಬಂದ ಹಣ ಒಂದು ಕೋಣೆಗೆ ಸಾಕಾಗುವಷ್ಟಿತ್ತು. ಇನ್ನೊಂದು ಕೋಣೆಯನ್ನು ಊರೇ ಕಟ್ಟಿಕೊಳ್ಳುವುದೆಂದು ಅದೇ ಚಂದ್ರಶಾಲೆಯಲ್ಲಿ ಕುಳಿತು ತೀರ್ಮಾನವಾಯಿತು. ಮನೆಗೆ ಒಬ್ಬರಂತೆ ಹತ್ತು ದಿನದ ಶ್ರಮದಾನ. ಬರಲಾಗದ ಮನೆಯವರು ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಬೆಳೆದ ಕಗ್ಗ ತಳಿಯ ಅಕ್ಕಿ ಕೊಡಬೇಕು, ಅದರ ಗಂಜಿ ಕೆಲಸಗಾರರಿಗೆ. ಸಹಾಯಾರ್ಥವಾಗಿ ಒಂದು ಯಕ್ಷಗಾನದ ಆಟವನ್ನೂ ಆಡಿಸಿದೆವು. ಮೇಳದ ಖರ್ಚು ಕಳೆದು ಉಳಿದ ಹಣ ಬಾಗಿಲಿನ ದಾರಂದಕ್ಕೆ ಸಾಲಿತು, ಕಿಟಕಿಗೆ ಸಾಲಲಿಲ್ಲ. ಆಗ ಊರಿನ ವಿಧವೆಯೊಬ್ಬರು ತಮ್ಮ ಹಿತ್ತಲಿನ ಹಲಸಿನ ಮರವನ್ನು ಕಡಿಸಿ ಕೊಟ್ಟರು. ಅವರಿಗೆ ಮಕ್ಕಳಿರಲಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಕಲ್ಲು ಹೊಳೆಯ ಮೇಲುಭಾಗದಿಂದ ಬರಬೇಕಾಗಿತ್ತು. ಚಿರೆಕಲ್ಲನ್ನು ನೆಲದಿಂದ ಕಡಿಯುವಾಗ ಅದು ಕೊಡಲಿಗೆ ಸಿಕ್ಕುವಷ್ಟು ಮೆತ್ತಗಿರುತ್ತದೆ, ಗಾಳಿಬಿಸಿಲಿಗೆ ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಎರಡು ಶತಮಾನದ ಹಿಂದೆ ಈ ಕರಾವಳಿಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಕಂಡು ಬೆರಗಾಗಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟದ್ದು ಇದಕ್ಕೇ. ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಪದದಿಂದ. ನಮ್ಮ ಮೇಸ್ತ್ರಿಗೆ ಬುಕಾನನ್ ಗೊತ್ತಿರಲಿಲ್ಲ, ಆದರೆ ಕಡಿದ ಕಲ್ಲನ್ನು ಒಂದು ಮಳೆಗಾಲ ಹೊರಗೆ ಒಟ್ಟಿ ಇಡದೆ ಗೋಡೆಗೆ ಮುಟ್ಟಿಸುವುದಿಲ್ಲವೆಂದು ಹಟ ಹಿಡಿದರು. ಮಳೆಯಲ್ಲಿ ಕರಗಿದ ಕಲ್ಲನ್ನೆಲ್ಲ ಬೇರೆ ಹಾಕಿ, ಉಳಿದವನ್ನು ಉಬ್ಬರದ ಹೊತ್ತು ನೋಡಿ ದೋಣಿಯಲ್ಲಿ ತಂದೆವು. ಒಂದು ದೋಣಿಗೆ ಅರವತ್ತು ಕಲ್ಲು, ಸುಮಾರು ಎರಡು ಸಾವಿರ ಕಲ್ಲು ಮುಗಿಯುವವರೆಗೆ. ದಡದಿಂದ ಜಾಗದವರೆಗೆ ಹೆಚ್ಚಿನ ಕಲ್ಲುಗಳು ಬಂದದ್ದು ಹೆಂಗಸರ ತಲೆಯ ಮೇಲೆ. ಹೊಳೆಯ ಬಳಚಿನ ಚಿಪ್ಪನ್ನು ಸುಟ್ಟ ಸುಣ್ಣವೇ ಗಾರೆಗೆ ಬಳಕೆಯಾಯಿತು, ಸಿಮೆಂಟು ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್‌ಗೆ ಮಾತ್ರ. ಉಪ್ಪುನೀರು ನೆಲದಿಂದ ಗೋಡೆಗೆ ಏರಬಾರದೆಂದು ಪಂಚಾಂಗವನ್ನು, ಎಂದರೆ ಗೋಡೆಯ ಕೆಳಗಿನ ಪೀಠವನ್ನು, ಮೂರು ಅಡಿ ಎತ್ತರಿಸಿದ್ದೂ ಮೇಸ್ತ್ರಿಯದೇ ಹಟ. ಆ ಮೂರು ಅಡಿಯ ಬೆಲೆ 2019ರ ಆಗಸ್ಟಿನ ನೆರೆಯಲ್ಲಿ ಎಲ್ಲರಿಗೂ ತಿಳಿಯಿತು. ತಗ್ಗಿನ ಮನೆಗಳಿಗೆ ನೀರು ನುಗ್ಗಿದಾಗ ಜನ ಹಾಸಿಗೆ ಬಟ್ಟೆ ಹೊತ್ತು ಬಂದು ಮಲಗಿದ್ದು ಆ ಎರಡು ಕೋಣೆಗಳಲ್ಲೇ.

ಶಾಲೆ ಕಟ್ಟುವಾಗ ನನಗೆ ಹತ್ತೊಂಬತ್ತು ವರ್ಷ. ಪಿಯುಸಿಯಲ್ಲಿ ಗಣಿತವೇ ಕೈಕೊಟ್ಟು ಮನೆಯಲ್ಲಿ ಕುಳಿತಿದ್ದವನನ್ನು ಮೇಸ್ತ್ರಿ ಮೂಲೆಗೆ ಹುರಿ ಹಿಡಿಯಲು ಕರೆದರು. ನಲವತ್ತನಾಲ್ಕು ಅಡಿ ಉದ್ದ, ಇಪ್ಪತ್ತು ಅಡಿ ಅಗಲ. ಮೂರು, ನಾಲ್ಕು, ಐದರ ಲೆಕ್ಕದಲ್ಲಿ ಮೂಲೆಮಟ್ಟ ಹಾಕುವುದನ್ನು ಅವರು ಹೇಳಿಕೊಟ್ಟಾಗ, ಪೈಥಾಗೊರಸನ ಪ್ರಮೇಯಕ್ಕೆ ಇಂಥದೊಂದು ಉಪಯೋಗವಿದೆಯೆಂದು ಪರೀಕ್ಷೆಗೆ ಮೊದಲೇ ಯಾರಾದರೂ ಹೇಳಬಾರದಿತ್ತೇ ಎಂದು ನಾನು ಕೊರಗಿದ್ದುಂಟು. ಈಶಾನ್ಯದ ಮೂಲೆಯಲ್ಲಿ ಹುರಿ ಹಿಡಿದವನು ನಾನು. ಗೋಡೆ ಮೂರು ವರಸೆ ಎದ್ದ ಮೇಲೆ ಮೇಸ್ತ್ರಿ ಒಂದು ಸಂಜೆ ಕರ್ಣಗಳನ್ನು ಅಳೆದು ನೋಡಿ, ಬೀಡಿ ಹಚ್ಚಿ, ತುಸು ಹೊತ್ತು ಸುಮ್ಮನಿದ್ದು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: “ತಮಾ, ಹುರಿ ಸಡಿಲ ಬಿಟ್ಯಲ್ಲೋ ಮಾರಾಯ. ಇನ್ನು ಹಂಚು ಹೊದಿಸುವವ್ರು ನಮ್ಮಿಬ್ರಿಗೂ ಬಯ್ತಾರೆ.” ಎರಡು ಕರ್ಣಗಳಿಗೂ ಮೂರು ಇಂಚು ವ್ಯತ್ಯಾಸವಿತ್ತು. ಕಟ್ಟಿದ್ದನ್ನು ಬಿಚ್ಚಲಿಲ್ಲ. ಮುಂದೆ ಹಂಚು ಹೊದಿಸುವವರು ಬಯ್ದದ್ದೂ ನಿಜ, ಏಕೆಂದರೆ ಒಂದು ಪಕ್ಕದ ಅಂಚಿನ ಹಂಚುಗಳನ್ನೆಲ್ಲ ಅವರು ಓರೆಯಾಗಿ ಕತ್ತರಿಸಬೇಕಾಯಿತು.

ಆ ಕೆಲಸ ಮುಗಿದ ಮೇಲೆ ನಾನು ಸಿವಿಲ್ ಡಿಪ್ಲೊಮಾಕ್ಕೆ ಸೇರಿದೆ. ನಂತರದ ಮೂವತ್ತು ವರ್ಷ ಗೋವೆಯಲ್ಲೂ ಹುಬ್ಬಳ್ಳಿಯಲ್ಲೂ ಎಷ್ಟೋ ಕಟ್ಟಡಗಳ ಮೇಲ್ವಿಚಾರಣೆ ಮಾಡಿದೆ, ಕೆಲವನ್ನು ಕೆಡವಿಸಿದೆ ಕೂಡ. ಹಾಗಾಗಿ ಕಟ್ಟಡ ಕೆಡವುವುದೇ ಅನ್ಯಾಯವೆಂದು ವಾದಿಸುವ ಹಕ್ಕು ನನಗಿಲ್ಲ.

ಅಂದು ಬೆಳಿಗ್ಗೆ ಟೇಪನ್ನು ಚೀಲದಲ್ಲೇ ಇಟ್ಟು ಹಿಂದಿರುಗಬಹುದಿತ್ತು. ಆದರೆ ಜೆಸಿಬಿ ಗೋಡೆಗಳನ್ನು ಮಾತ್ರ ತೆಗೆದಿತ್ತು, ಪಂಚಾಂಗದ ಮೇಲುಸಾಲು ನೆಲಕ್ಕೆ ಸಮನಾಗಿ ನಿಂತ ಮಣ್ಣು ಕಲ್ಲುಗಳ ನಡುವೆ ಅಲ್ಲಲ್ಲಿ ಕಾಣುತ್ತಿತ್ತು. ಪಕ್ಕದ ಮನೆಯ ಹುಡುಗನನ್ನು ಕರೆದು ಟೇಪಿನ ಒಂದು ತುದಿಯನ್ನು ಕೊಟ್ಟು ಕರ್ಣಗಳನ್ನು ಅಳೆದೆ. ಲೆಕ್ಕದಂತೆ ಎರಡೂ ನಲವತ್ತೆಂಟು ಅಡಿ ನಾಲ್ಕು ಇಂಚು ಇರಬೇಕು. ಒಂದು ಒಂದೂವರೆ ಇಂಚು ಕಡಿಮೆ ಬಂತು, ಇನ್ನೊಂದು ಒಂದೂವರೆ ಇಂಚು ಹೆಚ್ಚು. ಮೂವತ್ತೈದಕ್ಕೂ ಹೆಚ್ಚು ಮಳೆಗಾಲ, ಒಂದು ನೆರೆ, ಕೊನೆಗೆ ಒಂದು ಜೆಸಿಬಿಯ ಹೊಡೆತ, ಇಷ್ಟನ್ನು ಕಂಡ ಮೇಲೂ ಅದೇ ಮೂರು ಇಂಚು. ಅಡಿಪಾಯ ಎಲ್ಲಿಯೂ ಕುಸಿದಿಲ್ಲ, ಸರಿದಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಗೊತ್ತಿಲ್ಲ. ಗೋಡೆಯ ಕಸದಲ್ಲಿ ಓರೆಯಾಗಿ ಕತ್ತರಿಸಿದ ಒಂದು ಹಂಚಿನ ತುಂಡೂ ಸಿಕ್ಕಿತು. ಕತ್ತರಿಸಿದ ಅಂಚಿನಲ್ಲಿ ಪಾಚಿ ಒಣಗಿ ಕಪ್ಪಾಗಿತ್ತು, ಒಳಮೈ ಮಾತ್ರ ಇನ್ನೂ ಹೊಸ ಹಂಚಿನ ಹಾಗೆ ಕೆಂಪಗಿತ್ತು. ಅದನ್ನು ತಂದು ಮನೆಯ ಜಗಲಿಯ ಮೇಲೆ ಇಟ್ಟಿದ್ದೇನೆ. ಸರ್ಕಾರಿ ಆಸ್ತಿಯನ್ನು ಅನುಮತಿಯಿಲ್ಲದೆ ತಂದೆನೆಂದು ತಾವು ಆಕ್ಷೇಪಿಸುವುದಾದರೆ ಮರಳಿಸಲು ಸಿದ್ಧನಿದ್ದೇನೆ.

ಕಟ್ಟಡ ‘ಶಿಥಿಲಗೊಂಡಿತ್ತು’ ಎಂಬ ಒಂದು ಪದವನ್ನು ಮಾತ್ರ ತಮ್ಮ ಕಚೇರಿಯಿಂದ ನನಗೆ ಬಾಯಿಮಾತಿನಲ್ಲಿ ತಿಳಿಸಲಾಯಿತು. ಏನು ಶಿಥಿಲವಾಗಿತ್ತು ಎಂಬುದನ್ನು ನಾನು ವಿನಯದಿಂದ ಕೇಳುತ್ತಿದ್ದೇನೆ. ಮಾಡು ಶಿಥಿಲವಾಗಿದ್ದುದು ಹೌದು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಸೀಮೆಯಲ್ಲಿ ಹಂಚಿನ ಮಾಡನ್ನು ಪ್ರತಿ ಬೇಸಿಗೆಯಲ್ಲೂ ಕೈಯಾಡಿಸಬೇಕು: ಒಡೆದ ಹಂಚು ಬದಲಿಸಬೇಕು, ಕಸ ತೆಗೆಯಬೇಕು, ರೀಪುಗಳನ್ನು ತಟ್ಟಿ ನೋಡಬೇಕು. ನಮ್ಮ ಹಿರಿಯರು ಇದನ್ನು ಮಳೆಗಾಲದ ಸೌದೆ ಕೂಡಿಡುವ ಹಾಗೆ ವರ್ಷದ ಕೆಲಸವೆಂದೇ ಮಾಡುತ್ತಿದ್ದರು. ಅದು ನಿಂತುಹೋದರೆ ಒಂದು ಒಡೆದ ಹಂಚಿನಿಂದ ನೀರು ಇಳಿದು ಪಕ್ಕಾಸು ಕೊಳೆಯುತ್ತದೆ, ಕೊಳೆತ ಮರಕ್ಕೆ ಗೆದ್ದಲು ಬರುತ್ತದೆ, ಮಾಡು ಬಾಗುತ್ತದೆ, ನೋಡಿದವರಿಗೆ ಕಟ್ಟಡವೇ ಬಿದ್ದಂತೆ ಕಾಣುತ್ತದೆ. ಆದರೆ ಮಾಡು ಎಂಬುದು ಬಿಚ್ಚಿ ಮತ್ತೆ ಹೊದಿಸಲಿಕ್ಕೆಂದೇ ಮಾಡಿದ ವ್ಯವಸ್ಥೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮ ಕರಾವಳಿಯುದ್ದಕ್ಕೂ ಹಬ್ಬಿದ್ದಕ್ಕೆ, ಒಂದು ಹಂಚು ಒಡೆದರೆ ಆ ಒಂದನ್ನೇ ಬದಲಿಸಬಹುದೆಂಬುದೂ ದೊಡ್ಡ ಕಾರಣ. ಆ ಶಾಲೆಯ ಮಾಡಿಗೆ ಬೇಕಾಗಿದ್ದುದು ಸುಮಾರು ಎರಡು ಸಾವಿರ ಹಂಚು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯವನ್ನೇ ತೊಳೆದು ಮತ್ತೆ ಹೊದಿಸಬಹುದಿತ್ತು.

ಗೋಡೆಯ ವಿಷಯಕ್ಕೆ ಬಂದರೆ, ಅದರ ಹೊರಮೈಯ ಗಿಲಾವು ಕಳಚಿ ಬೀಳುತ್ತಿದ್ದುದನ್ನು ನಾನೂ ಕಂಡಿದ್ದೇನೆ. ಅದು ಮೂಲ ಕಟ್ಟಡದ ಗಿಲಾವಲ್ಲ. ಕೆಲವು ವರ್ಷದ ಹಿಂದೆ ‘ದುರಸ್ತಿ’ಯ ಹೆಸರಿನಲ್ಲಿ ಸುಣ್ಣದ ಗೋಡೆಯ ಮೇಲೆ ಬಳಿದ ಸಿಮೆಂಟಿನ ಗಿಲಾವು. ಚಿರೆಕಲ್ಲು ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಅದರ ಮೈಗೆ ಬಿಗಿಯಾದ ಸಿಮೆಂಟು ಹೊದಿಸಿದರೆ ಒಳಗಿನ ತೇವಕ್ಕೆ ಹೊರದಾರಿಯಿಲ್ಲದೆ ಗಿಲಾವು ಹೊಟ್ಟೆಬಿಟ್ಟು ಕಳಚುತ್ತದೆ. ಹೀಗೆ ದುರಸ್ತಿಯ ಲೋಪವೇ ಕಟ್ಟಡದ ರೋಗವೆಂದು ದಾಖಲಾಗಿರಬಹುದೆಂಬುದು ನನ್ನ ಅನುಮಾನ. ಪರಿಶೀಲನಾ ವರದಿಯನ್ನು ನೋಡಿದರೆ ಈ ಅನುಮಾನವನ್ನು ಹಿಂತೆಗೆದುಕೊಳ್ಳುವ ಅವಕಾಶವೂ ನನಗೆ ಸಿಗುತ್ತದೆ.

ತಮ್ಮ ಭಯ ನನಗೆ ಅರ್ಥವಾಗದೆ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜೀವಗಳು ಹೋದವು. ಅದಾಗಿ ಒಂದು ತಿಂಗಳೊಳಗೆ, ಆಗಸ್ಟ್ 7ರ ನಡುರಾತ್ರಿಯ ಹೊತ್ತಿಗೆ, ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಲಾರಿಯೊಂದರ ಸಮೇತ ನೀರಿಗೆ ಬಿತ್ತು. ಅಂಥ ಮಳೆಗಾಲವನ್ನು ಕಂಡ ಜಿಲ್ಲೆಯಲ್ಲಿ, ಬಾಗಿದ ಮಾಡಿನ ಕೆಳಗೆ ಮಕ್ಕಳನ್ನು ಕೂರಿಸಲು ಯಾವ ಅಧಿಕಾರಿಗೂ ಧೈರ್ಯ ಬರಲಾರದು, ಬರಬಾರದು ಕೂಡ. ಹಾಗೆಂದು ಹಳೆಯದೆಲ್ಲವೂ ಅಪಾಯಕಾರಿ ಎಂಬ ಅಳತೆಗೋಲನ್ನು ಮಾತ್ರ ಒಪ್ಪಲಾರೆ. ಬಿದ್ದ ಸೇತುವೆಗೆ ವಯಸ್ಸು ಸುಮಾರು ನಾಲ್ಕು ದಶಕ. ಅದರ ಕುಸಿತದ ಕಾರಣ ಹೇಳುವ ಕೆಲಸ ನನ್ನದಲ್ಲ. ಆದರೆ ಕಡಲಿನ ಉಪ್ಪುಗಾಳಿ ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಏನು ಮಾಡುತ್ತದೆ ಎಂಬುದನ್ನು ಮೂವತ್ತು ವರ್ಷ ಹತ್ತಿರದಿಂದ ನೋಡಿದ್ದೇನೆ. ಉಪ್ಪು ಸಣ್ಣ ಬಿರುಕಿನಿಂದ ಒಳಗಿಳಿಯುತ್ತದೆ, ಸರಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರದಬ್ಬುತ್ತದೆ. ಸುಣ್ಣದ ಗಾರೆಯ ಚಿರೆಕಲ್ಲಿನ ಗೋಡೆಯಲ್ಲಿ ತುಕ್ಕು ಹಿಡಿಯಲು ಕಬ್ಬಿಣವೇ ಇರುವುದಿಲ್ಲ. ನಮ್ಮ ಊರಿನಿಂದ ದೋಣಿಯಲ್ಲಿ ಹೋಗುವಷ್ಟೇ ದೂರದ ಮಿರ್ಜಾನಿನಲ್ಲಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಕೂಡಿಕೊಂಡ ಕೋಟೆಯ ಚಿರೆಕಲ್ಲಿನ ಗೋಡೆಗಳು ಇದೇ ಮಳೆಯಲ್ಲಿ, ಮೇಲೆ ಮಾಡೂ ಇಲ್ಲದೆ, ಇವತ್ತಿಗೂ ನಿಂತಿವೆ.

ಕೆಡವಿದ ಜಾಗದಲ್ಲಿ ಆರ್‌ಸಿಸಿ ಸ್ಲ್ಯಾಬಿನ ಕಟ್ಟಡ ಬರಲಿದೆಯಂತೆ. ಬರಲಿ, ಮಕ್ಕಳಿಗೆ ಕೋಣೆ ಬೇಕು. ಆದರೆ ತಾಲೂಕಿನಲ್ಲಿ ಹತ್ತು ವರ್ಷ ದಾಟಿದ ಸ್ಲ್ಯಾಬಿನ ಕಟ್ಟಡಗಳ ಮೇಲೆ ಒಮ್ಮೆ ಕಣ್ಣಾಡಿಸಿ ನೋಡಿ: ಸೋರಿಕೆ ತಡೆಯಲು ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹೊದಿಸದ ಕಟ್ಟಡ ಎಷ್ಟು ಸಿಗುತ್ತವೆ? ಇಳಿಜಾರಿನ ಮಾಡನ್ನು ಹಳೆಯದೆಂದು ತೆಗೆದು, ಚಪ್ಪಟೆ ಸ್ಲ್ಯಾಬು ಹಾಕಿ, ಅದರ ಮೇಲೆ ಮತ್ತೆ ಇಳಿಜಾರಿನ ಮಾಡನ್ನೇ ಕಟ್ಟುವ ಈ ಪದ್ಧತಿಯನ್ನು ನಾನೂ ಹಲವು ಕಡೆ ಮಾಡಿಸಿದ್ದೇನೆ. ಬಿಲ್ಲಿಗೆ ಸಹಿ ಹಾಕುವಾಗ ನಮ್ಮ ಮೇಸ್ತ್ರಿ ನೆನಪಾಗುತ್ತಿದ್ದರು.

ನನ್ನ ಮುಖ್ಯ ದೂರು ಕಟ್ಟಡ ಹೋಯಿತೆಂಬುದಲ್ಲ, ಕಟ್ಟಿದವರಿಗೆ ಒಂದು ಮಾತು ತಿಳಿಸದೆ ಹೋಯಿತೆಂಬುದು. ಅರ್ಧ ಕಟ್ಟಡ ಊರಿನ ದುಡಿಮೆಯಿಂದ ಎದ್ದದ್ದು. ಕಾಗದದಲ್ಲಿ ಅದು ಸರ್ಕಾರದ ಆಸ್ತಿ, ಅದರಲ್ಲಿ ತಕರಾರಿಲ್ಲ. ಆದರೆ ಕೆಡವುವ ಮೊದಲು ಊರಿನಲ್ಲಿ ಒಂದು ಸಭೆ ಕರೆದು, “ಇದು ಇಂಥ ಕಾರಣಕ್ಕೆ ಉಳಿಯುವಂತಿಲ್ಲ, ಬಂದು ನೋಡಿ” ಎಂದು ಹೇಳಿದ್ದರೆ, ನನ್ನಂಥವರು ಬಂದು ಪಕ್ಕಾಸು ತಟ್ಟಿ ನೋಡಿ, ಪ್ರಾಯಶಃ ತಮ್ಮ ಮಾತನ್ನೇ ಒಪ್ಪಿಕೊಳ್ಳುತ್ತಿದ್ದೆವು. ಹಂಚು ಇಳಿಸುವುದಕ್ಕೆ, ಕಲ್ಲು ಬಿಡಿಸಿ ಒಟ್ಟುವುದಕ್ಕೆ ನಾವೇ ಜನ ಕೂಡಿಸುತ್ತಿದ್ದೆವು. ಸುಣ್ಣದ ಗಾರೆಯಲ್ಲಿ ಕಟ್ಟಿದ ಕಲ್ಲು ಕೈಯಿಂದ ಬಿಡಿಸಿದರೆ ಇಡಿಯಾಗಿ ಬರುತ್ತದೆ. ಹೊಸ ಶಾಲೆಯ ಕಂಪೌಂಡಿಗೆ ಅದೇ ಸಾಕಾಗುತ್ತಿತ್ತು. ಹಲಸಿನ ಮರವನ್ನು ಕೊಟ್ಟ ತಾಯಿ ತೀರಿಹೋಗಿ ಬಹಳ ವರ್ಷವಾಯಿತು, ಆದರೆ ಆ ಕಿಟಕಿಗಳಿಗೆ ಇನ್ನೂ ಐವತ್ತು ವರ್ಷ ಆಯುಷ್ಯವಿತ್ತು. ಅವು ಈಗ ಎಲ್ಲಿವೆ?

ಆಡಳಿತದ ತೀರ್ಮಾನಗಳಿಂದ ಬಾಧಿತರಾದವರಿಗೆ ಆ ತೀರ್ಮಾನದ ಕಾರಣಗಳನ್ನು ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ಹೇಳುತ್ತದೆ; ಅದಕ್ಕೆ ಯಾರೂ ಅರ್ಜಿ ಹಾಕಬೇಕಾಗಿಲ್ಲ. ಆದರೂ ನಾನು ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿಯನ್ನು ಸಲ್ಲಿಸಿದ್ದೇನೆ. ಕಟ್ಟಡವನ್ನು ಪರಿಶೀಲಿಸಿದ ಇಂಜಿನಿಯರರ ವರದಿಯ ಪ್ರತಿ, ನಮ್ಮ ಹಿಂದಿನ ಪತ್ರದ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿ, ಕಲ್ಲು, ಮರ, ಹಂಚುಗಳ ಹರಾಜು ನಡೆದಿದ್ದರೆ ಅದರ ದಾಖಲೆ ಮತ್ತು ಜಮಾ ಆದ ಮೊತ್ತ, ಇವಿಷ್ಟನ್ನು ಕೇಳಿದ್ದೇನೆ. ಹರಾಜು ನಡೆದಿಲ್ಲವೆಂದಾದರೆ ಆ ಟಿಪ್ಪರುಗಳು ಎಲ್ಲಿಗೆ ಹೋದವು ಎಂಬುದನ್ನು ತಾವು ವಿಚಾರಿಸುವುದು ಒಳ್ಳೆಯದು.

ಇನ್ನೊಂದು ಸಣ್ಣ ಕೋರಿಕೆಯಿದೆ. ಜಗಲಿಯ ಗೋಡೆಯಲ್ಲಿ ‘1989, ಊರವರು’ ಎಂದಷ್ಟೇ ಕೆತ್ತಿದ ಒಂದು ಕರಿಕಲ್ಲಿನ ಹಲಗೆ ಇತ್ತು. ಯಾರ ಹೆಸರನ್ನು ಮೊದಲು ಹಾಕಬೇಕೆಂಬ ಜಗಳ ಎರಡು ರಾತ್ರಿ ನಡೆದು ಬಗೆಹರಿಯದೆ, ಕೊನೆಗೆ ಯಾರ ಹೆಸರೂ ಬೇಡವೆಂದು ಹಾಗೆ ಕೆತ್ತಿಸಿದ್ದು. ಅದು ಗೋದಾಮಿನಲ್ಲೋ ಯಾರದಾದರೂ ಬಾವಿಕಟ್ಟೆಯಲ್ಲೋ ಇದ್ದರೆ, ಹೊಸ ಕಟ್ಟಡದ ಗೋಡೆಯಲ್ಲಿ, ಉದ್ಘಾಟಕರ ಹೆಸರುಗಳ ಫಲಕದ ಕೆಳಗಾದರೂ ಸರಿ, ಅದಕ್ಕೊಂದು ಜಾಗ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ನಾವು ಕೂಡಿಸಿದ ರಿಪೇರಿಯ ಹಣ ಹಾಗೆಯೇ ಇದೆ. ಅದನ್ನು ಕೊಟ್ಟವರಿಗೆ ಮರಳಿಸಬೇಕೋ ಹೊಸ ಕಟ್ಟಡದ ಬೆಂಚುಗಳಿಗೆ ಕೊಡಬೇಕೋ ಎಂಬುದನ್ನು ತಮ್ಮ ಉತ್ತರ ನೋಡಿಕೊಂಡು ತೀರ್ಮಾನಿಸುತ್ತೇವೆ. ಚೌತಿಯವರೆಗೆ ನಾನು ಊರಿನಲ್ಲೇ ಇರುತ್ತೇನೆ. ಹೊಸ ಕಟ್ಟಡದ ಪಾಯದ ಗುರುತು ಹಾಕುವ ದಿನ ತಿಳಿಸಿದರೆ ಬರುತ್ತೇನೆ, ಟೇಪು ನನ್ನ ಹತ್ತಿರ ಇದೆ.

ಇತಿ ತಮ್ಮ ವಿಶ್ವಾಸಿ,
ಈಶಾನ್ಯದ ಮೂಲೆಯಲ್ಲಿ ಹುರಿ ಹಿಡಿದಿದ್ದವನು